ಕಾನೂನು ವಿದ್ಯೆಯಿಂದ ದಿವಾನಗಿರಿಗೆ: ಶೇಷಾದ್ರಿ ಅಯ್ಯರ್ ಮತ್ತು 1892ರ ಒಪ್ಪಂದ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಕಾನೂನು ವ್ಯಾಸಂಗ ಮುಗಿಸಿ ರಾಜ್ಯಾಡಳಿತವನ್ನು ಪ್ರವೇಶಿಸಿದ ಒಂದು ಹೊಸ ವರ್ಗ ದೇಶೀಯ ಸಂಸ್ಥಾನಗಳಲ್ಲಿ ರೂಪುಗೊಂಡಿತು. ಮೈಸೂರಿನ ದಿವಾನ ಸರ್ ಕೆ. ಶೇಷಾದ್ರಿ ಅಯ್ಯರ್ (1845–1901) ಈ ವರ್ಗದ ಪ್ರಮುಖ ಪ್ರತಿನಿಧಿ. ಶಿವನಸಮುದ್ರದ ವಿದ್ಯುತ್ ಯೋಜನೆ, ಮಾರಿಕಣಿವೆಯ ಅಣೆಕಟ್ಟುಗಳ ಮೂಲಕ ಅವರನ್ನು ಸ್ಮರಿಸುವುದು ವಾಡಿಕೆ. ಅವರ ಕಾಲದ 1892ರ ನದಿನೀರಿನ ಒಪ್ಪಂದವನ್ನಾದರೋ ಮೈಸೂರು ಮದರಾಸಿಗೆ ಮಣಿದುದರ ಕುರುಹೆಂದೇ ಹಲವರು ಭಾವಿಸಿದ್ದಾರೆ. ಈ ಭಾವನೆಯನ್ನು ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶೇಷಾದ್ರಿ ಅಯ್ಯರ್ ಅವರು ಮಲಬಾರಿನ ಪಾಲಕ್ಕಾಡು ಪ್ರದೇಶದವರು; ತಂದೆ ಅನಂತನಾರಾಯಣ ಅಯ್ಯರ್ ವಕೀಲರು. 1866ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎ. ಪದವಿ ಪಡೆದ ಅವರನ್ನು ಸಿ. ರಂಗಾಚಾರ್ಲು ಅವರು 1868ರಲ್ಲಿ ಮೈಸೂರಿಗೆ ಕರೆತಂದರು. ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯಾಂಗ ಕಾರ್ಯದರ್ಶಿಯಾಗಿ ಸೇವೆ ಆರಂಭಿಸಿ, 1874ರಲ್ಲಿ ಬಿ.ಎಲ್. ಪರೀಕ್ಷೆಯಲ್ಲಿ ಉತ್ತೀರ್ಣರಾದರು. ತುಮಕೂರಿನ ಡೆಪ್ಯುಟಿ ಕಮೀಷನರ್ ಹಾಗೂ ಸೆಷನ್ಸ್ ನ್ಯಾಯಾಧೀಶರ ಹುದ್ದೆಗಳನ್ನು ನಿರ್ವಹಿಸಿ, ರಂಗಾಚಾರ್ಲು ಅವರ ಮರಣಾನಂತರ 1883ರಲ್ಲಿ ದಿವಾನರಾದರು. ಸುಮಾರು 18 ವರ್ಷಗಳ ಕಾಲ ಆ ಪದವಿಯಲ್ಲಿದ್ದರು.

ಅವರಿಗೆ ದೊರೆತುದು 1876–78ರ ಭೀಕರ ಕ್ಷಾಮದಿಂದ ಬಳಲಿ ಸಾಲದಲ್ಲಿ ಮುಳುಗಿದ ರಾಜ್ಯ. ನೀರಾವರಿಯ ವಿಸ್ತರಣೆ ಅನಿವಾರ್ಯವಾಗಿತ್ತು. ಆದರೆ ಮೈಸೂರಿನ ನದಿಗಳು ಕೆಳಗೆ ಮದರಾಸು ಪ್ರಾಂತ್ಯಕ್ಕೆ ಹರಿಯುತ್ತಿದ್ದವು. 1881ರಲ್ಲಷ್ಟೆ ಒಡೆಯರ ಆಳ್ವಿಕೆಗೆ ಮರಳಿದ್ದ ಸಂಸ್ಥಾನವು ಬ್ರಿಟಿಷ್ ಪ್ರಾಂತ್ಯದೊಡನೆ ಸರಿಸಮಾನವಾಗಿ ವಾದಿಸುವ ಸ್ಥಿತಿಯಲ್ಲಿರಲಿಲ್ಲ. ಈ ಹಿನ್ನೆಲೆಯಲ್ಲಿ 1892ರ ಫೆಬ್ರವರಿ 18ರಂದು ಒಪ್ಪಂದವಾಯಿತು.

ಒಪ್ಪಂದದ ಪ್ರಕಾರ ಕಾವೇರಿ, ತುಂಗಭದ್ರಾ, ವೇದಾವತಿ, ಪೆನ್ನಾರ್, ಪಾಲಾರ್ ಮೊದಲಾದ ನದಿಗಳ ಮೇಲೆ ಹೊಸ ನೀರಾವರಿ ಕಾಮಗಾರಿಗಳನ್ನು ಕೈಗೊಳ್ಳುವ ಮುನ್ನ ಮೈಸೂರು ಮದರಾಸಿನ ಸಮ್ಮತಿ ಪಡೆಯಬೇಕಿತ್ತು. ಇದು ನಿರ್ಬಂಧವೆಂಬುದರಲ್ಲಿ ಸಂಶಯವಿಲ್ಲ. ಆದರೆ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ರೂಢಿಯಿಂದ ಈಗಾಗಲೇ ಸಿದ್ಧಿಸಿ ವಾಸ್ತವವಾಗಿ ಅಸ್ತಿತ್ವದಲ್ಲಿರುವ ಹಕ್ಕಿನ ರಕ್ಷಣೆಗೆ ಹೊರತಾಗಿ ಮದರಾಸು ಸಮ್ಮತಿಯನ್ನು ನಿರಾಕರಿಸುವಂತಿರಲಿಲ್ಲ. ಮುಂದೆಂದೋ ಬೇಕಾದೀತು ಎಂಬುದು ನಿರಾಕರಣೆಗೆ ಕಾರಣವಾಗಲಾರದು. ಎರಡನೆಯದಾಗಿ, ಭಿನ್ನಾಭಿಪ್ರಾಯ ಉಂಟಾದರೆ ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸಲು ಅವಕಾಶವಿತ್ತು. ಬಲದಲ್ಲಿ ಕಿರಿಯನಾದ ಕಕ್ಷಿಗಾರನು ನಿಯಮದ ಆಶ್ರಯ ಪಡೆಯುವ ಕಾನೂನು ಕ್ರಮವಿದು.

ಇದರ ಫಲಿತವು ಅವರ ಕಾಲಾನಂತರ ಗೋಚರಿಸಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕಾರ್ಯಾರಂಭವಾದಾಗ ತಲೆದೋರಿದ ವಿವಾದ ನ್ಯಾಯಮೂರ್ತಿ ಗ್ರಿಫಿನ್ ಅವರ ಮಧ್ಯಸ್ಥಿಕೆಗೆ ಹೋಯಿತು. 1914ರ ಅವರ ತೀರ್ಪು ಬಹುಮಟ್ಟಿಗೆ ಮೈಸೂರಿಗೆ ಅನುಕೂಲವಾಗಿತ್ತು. ಮದರಾಸು ಅದನ್ನು ಪ್ರಶ್ನಿಸಿತು. ಮಾತುಕತೆ 1924ರ ಒಪ್ಪಂದದಲ್ಲಿ ಕೊನೆಗೊಂಡಿತು.

ನಿರ್ಬಂಧದ ಆಚೆಗಿದ್ದ ಅವಕಾಶಗಳನ್ನೂ ಶೇಷಾದ್ರಿ ಅಯ್ಯರ್ ಗುರುತಿಸಿದರು. ಒಪ್ಪಂದವು ನೀರಾವರಿಗೆ ಸಂಬಂಧಿಸಿದುದು. ವಿದ್ಯುತ್ ಉತ್ಪಾದನೆಯಲ್ಲಾದರೋ ನೀರು ನದಿಗೇ ಮರಳುತ್ತದೆ. ಅವರು ಕೈಗೊಂಡ ಶಿವನಸಮುದ್ರ ಯೋಜನೆಯಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅದನ್ನು ನೋಡಲು ಅವರು ಉಳಿದಿರಲಿಲ್ಲ. ಒಪ್ಪಂದದ ವ್ಯಾಪ್ತಿಯಲ್ಲಿದ್ದ ವೇದಾವತಿಯ ಮೇಲೂ 1898ರಲ್ಲಿ ಮಾರಿಕಣಿವೆಯ ಕಾಮಗಾರಿ ಆರಂಭವಾಯಿತು.

ಆದರೆ ಈ ಜಾಣ್ಮೆಗೆ ಒಂದು ಮಿತಿಯೂ ಉಂಟು. ಪ್ರಜಾಪ್ರತಿನಿಧಿ ಸಭೆಗೆ 1891ರಲ್ಲಿ ಚುನಾವಣೆಯ ಪದ್ಧತಿಯನ್ನು ತಂದವರು ಅವರೇ ಆದರೂ, ಆ ಸಭೆಗೆ ನಿರ್ಣಯಾಧಿಕಾರವಿರಲಿಲ್ಲ. ತಲೆಮಾರುಗಳ ನೀರನ್ನು ನಿರ್ಧರಿಸಿದ ಪತ್ರ ಎರಡು ಸರ್ಕಾರಗಳ ಕಚೇರಿಗಳ ನಡುವೆಯೇ ಸಿದ್ಧವಾಯಿತು. ಒಪ್ಪಂದದ ಬಗೆಗೆ ಜನರಲ್ಲಿ ಉಳಿದ ಅಸಮಾಧಾನಕ್ಕೆ ಇದೂ ಒಂದು ಕಾರಣವೆನ್ನಬಹುದು.

ಈ ವಿಷಯ ಹೈದರಾಬಾದಿನ ಅಧ್ಯಯನಕಾರರಿಗೂ ದೂರದ್ದಲ್ಲ. ತುಂಗಭದ್ರೆಯ ಕೆಳದಂಡೆಯಲ್ಲಿದ್ದ ನಿಜಾಮರ ರಾಜ್ಯ 1892ರ ಒಪ್ಪಂದದ ಪಕ್ಷವಾಗಿರಲಿಲ್ಲ. ಅದೇ ನದಿಯ ಅಣೆಕಟ್ಟಿನ ಕೆಲಸವನ್ನು ಹೈದರಾಬಾದು ಮತ್ತು ಮದರಾಸು 1945ರಲ್ಲಿ ಜಂಟಿಯಾಗಿ ಆರಂಭಿಸಿದವು. 1892 ಮತ್ತು 1924ರ ಒಪ್ಪಂದಗಳನ್ನು ಅನ್ಯಾಯದ ಹೇರಿಕೆಯೆನ್ನಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಅಭಿಪ್ರಾಯಪಟ್ಟಿತು. ಅದೇ ತೀರ್ಪಿನಲ್ಲಿ ಕರ್ನಾಟಕದ ಕಾವೇರಿ ಪಾಲನ್ನು 14.75 ಟಿ.ಎಂ.ಸಿ.ಯಷ್ಟು ಹೆಚ್ಚಿಸಿತು. ಆದ್ದರಿಂದ 1892ರ ಪತ್ರವನ್ನು ಶರಣಾಗತಿಯೆಂದೋ ವಿಜಯವೆಂದೋ ಓದುವುದಕ್ಕಿಂತ, ಅಸಮಾನ ಬಲಗಳ ನಡುವೆ ಕಾನೂನು ವಿದ್ಯೆಯು ದೊರಕಿಸಬಹುದಾದ ರಕ್ಷಣೆಯ ಅಳತೆಯೆಂದು ಓದುವುದು ಹೆಚ್ಚು ಸಮಂಜಸ.