ಗಾಯಗೊಂಡ ಹಲ್ಲುಗಳ ತುರ್ತು ಚಿಕಿತ್ಸೆ

ಬಿದ್ದಾಗ, ಪೆಟ್ಟಾದಾಗ ಅಥವಾ ಅಪಘಾತದಲ್ಲಿ ಹಲ್ಲು ಮುರಿದರೆ, ಸಡಿಲಗೊಂಡರೆ, ಸ್ಥಾನ ಬದಲಿಸಿದರೆ ಅಥವಾ ಬೇರುಸಹಿತ ಕಿತ್ತು ಹೊರಬಂದರೆ, ದಂತವೈದ್ಯರನ್ನು ತಲುಪುವವರೆಗೆ ಮತ್ತು ತಲುಪಿದ ಕೂಡಲೇ ಮಾಡಬೇಕಾದ ಉಪಚಾರಕ್ಕೆ ಗಾಯಗೊಂಡ ಹಲ್ಲುಗಳ ತುರ್ತು ಚಿಕಿತ್ಸೆ ಎನ್ನುತ್ತಾರೆ. ಇಂತಹ ಗಾಯಗಳು ಹೆಚ್ಚಾಗಿ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಗೆ ಆಗುತ್ತವೆ. ನಡೆಯಲು ಕಲಿಯುತ್ತಿರುವ ಶಿಶುಗಳು ಹಾಗೂ ಶಾಲೆಗೆ ಹೋಗುವ ಮಕ್ಕಳು ಇದಕ್ಕೆ ಹೆಚ್ಚು ತುತ್ತಾಗುತ್ತಾರೆ. ಹಲ್ಲು ಮುಂದಕ್ಕೆ ಚಾಚಿರುವ ಮಕ್ಕಳಲ್ಲಿ ಅಪಾಯ ಇನ್ನೂ ಅಧಿಕ.

== ಚಿಕ್ಕೋಡಿ ಭಾಗದ ಸಂದರ್ಭ ==

ಬೆಳಗಾವಿ ಜಿಲ್ಲೆಯ ಉತ್ತರದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಮಹಾರಾಷ್ಟ್ರಕ್ಕೆ ಹೊಂದಿಕೊಂಡಿರುವ ಕಬ್ಬಿನ ಸೀಮೆ. ಕೃಷ್ಣಾ ಮತ್ತು ಅದರ ಉಪನದಿಗಳಾದ ದೂಧಗಂಗಾ, ವೇದಗಂಗಾಗಳ ನೀರಾವರಿಯಿಂದಾಗಿ ಇಲ್ಲಿ ಹಲವು ಸಕ್ಕರೆ ಕಾರ್ಖಾನೆಗಳಿವೆ. ಕಬ್ಬಿನ ಹಂಗಾಮಿನಲ್ಲಿ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ರಾತ್ರಿ ಬೈಕ್ ಡಿಕ್ಕಿ ಹೊಡೆಯುವುದು, ಗರಡಿಯ ಕುಸ್ತಿ, ಕಬಡ್ಡಿ, ಬೋರ್‌ವೆಲ್ ಕೈಪಂಪಿನ ಹಿಡಿಕೆ ಹಿಮ್ಮೆಟ್ಟಿ ಬಾಯಿಗೆ ಬಡಿಯುವುದು, ಇವೆಲ್ಲ ಹಳ್ಳಿಗಳಲ್ಲಿ ಹಲ್ಲು ಹೋಗುವ ಪರಿಚಿತ ದಾರಿಗಳು.

ಇಲ್ಲಿ ದೂರವೂ ಒಂದು ಸಮಸ್ಯೆ. ದಂತ ವೈದ್ಯಕೀಯ ಕಾಲೇಜುಗಳಿರುವ ಬೆಳಗಾವಿ ಅಥಣಿಯಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿದೆ. ಹಾಗಾಗಿ ಕಾಗವಾಡ, ಅಥಣಿ ಕಡೆಯವರು ಮೀರಜ್, ಸಾಂಗ್ಲಿಗೂ ನಿಪ್ಪಾಣಿಯವರು ಕೊಲ್ಹಾಪುರಕ್ಕೂ ಹೋಗುವುದು ಸಹಜ. ಆದರೆ ಕಿತ್ತುಬಂದ ಹಲ್ಲಿಗೆ ಸಿಗುವ ಕಾಲಾವಕಾಶ ಒಂದು ಗಂಟೆಗೂ ಕಡಿಮೆ. ದೊಡ್ಡ ಊರು ತಲುಪುವಷ್ಟರಲ್ಲಿ ಅದು ಮುಗಿದಿರುತ್ತದೆ. ಆದ್ದರಿಂದ ಹಲ್ಲು ಉಳಿಯುವುದೂ ಹೋಗುವುದೂ ಬಹುಮಟ್ಟಿಗೆ ಶಾಲೆಯ ಅಂಗಳದಲ್ಲಿ, ಹೊಲದ ಬದುವಿನಲ್ಲಿ ಅಕ್ಕಪಕ್ಕದವರು ಮಾಡುವ ಕೆಲಸದ ಮೇಲೆ ನಿಂತಿದೆ.

ಮಕ್ಕಳ ಹಾಲುಹಲ್ಲು ಉದುರಿದಾಗ ಅದನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವ ವಾಡಿಕೆ ನಾಡಿನ ಹಲವೆಡೆ ಇದೆ. ತಾನಾಗಿ ಉದುರಿದ ಹಲ್ಲಿಗೆ ಈ ವಾಡಿಕೆಯಿಂದ ಯಾವ ಹಾನಿಯೂ ಇಲ್ಲ. ಆದರೆ ಹತ್ತು ವರ್ಷದ ಮಗುವಿನ ಶಾಶ್ವತ ಬಾಚಿಹಲ್ಲು ಪೆಟ್ಟಿನಿಂದ ಹೊರಬಂದಾಗಲೂ 'ಹೋದ ಹಲ್ಲು ಹೋಯಿತು' ಎಂದು ಅದನ್ನು ಮಣ್ಣಿನಲ್ಲೇ ಬಿಡಲಾಗುತ್ತದೆ. ನಷ್ಟವಾಗುವುದು ಇಲ್ಲಿಯೇ.

== ಮೊದಲು ನೋಡಬೇಕಾದುದು ==

ಹಲ್ಲಿಗಿಂತ ಜೀವ ಮುಖ್ಯ. ಗಾಯಾಳು ಎಚ್ಚರ ತಪ್ಪಿದ್ದರೆ, ಪದೇ ಪದೇ ವಾಂತಿ ಮಾಡುತ್ತಿದ್ದರೆ, ಕಿವಿ ಅಥವಾ ಮೂಗಿನಿಂದ ರಕ್ತ ಅಥವಾ ನೀರಿನಂತಹ ದ್ರವ ಬರುತ್ತಿದ್ದರೆ ಅದು ತಲೆಗೆ ಆದ ಗಾಯದ ಸೂಚನೆ. ಆಗ ಹಲ್ಲಿನ ಯೋಚನೆಯನ್ನು ಬದಿಗಿಟ್ಟು 108 ಆಂಬುಲೆನ್ಸ್ ಕರೆಸಬೇಕು. ಬಾಯಿ ಮುಚ್ಚಿದಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ ದವಡೆಯ ಮೂಳೆ ಮುರಿದಿರುವ ಸಂಭವವಿದೆ. ರಕ್ತ ನಿಲ್ಲಿಸಲು ಶುಭ್ರ ಬಟ್ಟೆಯ ಮಡಿಕೆಯನ್ನು ಗಾಯದ ಮೇಲಿಟ್ಟು ಹತ್ತು ನಿಮಿಷ ಕಚ್ಚಿಹಿಡಿಸಬೇಕು. ಊತಕ್ಕೆ ಹೊರಗಿನಿಂದ ತಣ್ಣೀರಿನ ಬಟ್ಟೆ ಸಾಕು. ಗಾಯಕ್ಕೆ ಅರಿಷಿಣ, ಸುಣ್ಣ, ತಂಬಾಕಿನ ಮಿಶ್ರಿ ತುಂಬಬಾರದು. ನೋವಿಗೆಂದು ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲೆ ಇಟ್ಟರೆ ಒಸಡು ಸುಡುತ್ತದೆ.

== ಬೇರುಸಹಿತ ಹೊರಬಂದ ಹಲ್ಲು ==

ಹಲ್ಲಿನ ಬೇರು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಅವೆರಡರ ನಡುವೆ ಸೂಕ್ಷ್ಮ ತಂತುಗಳ ತೆಳುಪದರವೊಂದಿದೆ. ಹಲ್ಲು ಕಿತ್ತುಬಂದಾಗ ಈ ಪದರದ ಜೀವಕೋಶಗಳಲ್ಲಿ ಒಂದು ಭಾಗ ಬೇರಿನ ಮೇಲೆಯೇ ಉಳಿಯುತ್ತದೆ. ಅವು ಜೀವಂತವಾಗಿದ್ದರೆ ಹಲ್ಲು ಮತ್ತೆ ಕೂಡಿಕೊಳ್ಳುತ್ತದೆ. ಗಾಳಿಯಲ್ಲಿ ಒಣಗಿದ ಹಲ್ಲಿನಲ್ಲಿ ಅವು 60 ನಿಮಿಷಗಳೊಳಗೆ ಬಹುತೇಕ ಸತ್ತುಹೋಗುತ್ತವೆ. ಮುಂದಿನ ಎಲ್ಲ ಸೂಚನೆಗಳೂ ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಮೊದಲು ಹಲ್ಲನ್ನು ಹುಡುಕಬೇಕು. ಅದನ್ನು ಬಾಯಿಯಲ್ಲಿ ಕಾಣುವ ಬಿಳಿ ಭಾಗದಿಂದಲೇ ಹಿಡಿಯಬೇಕು, ಬೇರನ್ನು ಮುಟ್ಟಬಾರದು. ಮಣ್ಣು ಅಂಟಿದ್ದರೆ ಹಾಲಿನಲ್ಲಿ, ಸಲೈನ್‌ನಲ್ಲಿ ಅಥವಾ ಗಾಯಾಳುವಿನದೇ ಉಗುಳಿನಲ್ಲಿ ಹಗುರವಾಗಿ ತೊಳೆಯಬೇಕು. ಉಜ್ಜುವುದು, ಬಟ್ಟೆಯಿಂದ ಒರೆಸುವುದು, ಸೋಪು ಅಥವಾ ಡೆಟಾಲ್ ಹಾಕುವುದು ಜೀವಕೋಶಗಳನ್ನು ನಾಶಮಾಡುತ್ತದೆ. ಬಳಿಕ ಹಲ್ಲನ್ನು ಅದರ ಗೂಡಿನಲ್ಲಿ ಸರಿಯಾದ ದಿಕ್ಕಿಗೆ ಕೂರಿಸಿ, ಬಟ್ಟೆಯನ್ನು ಮೆಲ್ಲಗೆ ಕಚ್ಚಿಸಿ ವೈದ್ಯರ ಬಳಿಗೆ ಹೊರಡುವುದು ಅತ್ಯುತ್ತಮ ಮಾರ್ಗ. ಅಂತಾರಾಷ್ಟ್ರೀಯ ದಂತಾಘಾತ ಸಂಘದ 2020ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ವೈದ್ಯರಲ್ಲದವರು ಇದಕ್ಕೆ ಅಂಜುವುದು ಸಹಜವಾದರೂ ಕೆಲಸ ಕಠಿಣವಲ್ಲ, ಪೆಟ್ಟಾದ ಮೊದಲ ನಿಮಿಷಗಳಲ್ಲಿ ನೋವೂ ಕಡಿಮೆ.

ಕೂರಿಸಲಾಗದಿದ್ದರೆ ಹಲ್ಲನ್ನು ಹಾಲಿನಲ್ಲಿ ಮುಳುಗಿಸಿ ಒಯ್ಯಬೇಕು. ಹಾಲಿನ ಸಾಂದ್ರತೆ ಜೀವಕೋಶಗಳಿಗೆ ಒಗ್ಗುವಂಥದ್ದು. ದನ ಕಟ್ಟಿದ ಮನೆಗಳೇ ಹೆಚ್ಚಿರುವ ಈ ಸೀಮೆಯಲ್ಲಿ ಇದಕ್ಕಿಂತ ಸುಲಭವಾಗಿ ಸಿಗುವ ಔಷಧ ಬೇರೊಂದಿಲ್ಲ. ಹಾಲು ತಣ್ಣಗಿರಬೇಕು. ಹುಳಿಯಿರುವ ಮೊಸರು, ಮಜ್ಜಿಗೆ ಸಲ್ಲವು. ಹಾಲಿಲ್ಲದಿದ್ದರೆ ಲೋಟದಲ್ಲಿ ಗಾಯಾಳುವಿನ ಉಗುಳನ್ನು ಸಂಗ್ರಹಿಸಿ ಅದರಲ್ಲಿಡಬಹುದು. ಬರಿಯ ನೀರಿನಲ್ಲಿ ಜೀವಕೋಶಗಳು ಉಬ್ಬಿ ಒಡೆಯುತ್ತವೆ, ಆದರೂ ಒಣಗಲು ಬಿಡುವುದಕ್ಕಿಂತ ನೀರೇ ಮೇಲು. ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ಉಪಾಯ, ಜನ ಮಾಡುವುದು ಮಾತ್ರ ಬಹುಪಾಲು ಅದನ್ನೇ.

ಒಂದು ಗಂಟೆ ಮೀರಿದರೂ ಹಲ್ಲನ್ನು ಎಸೆಯಬಾರದು. ತಡವಾಗಿ ಕೂರಿಸಿದ ಹಲ್ಲು ಕಾಲಾನಂತರ ಮೂಳೆಗೆ ಬೆಸೆದು, ಅದರ ಬೇರು ಕರಗುತ್ತ ಹೋಗಬಹುದು. ಆದರೂ ಕೆಲವು ವರ್ಷಗಳವರೆಗೆ ಅದು ದವಡೆಯ ಮೂಳೆಯನ್ನೂ ಮುಖದ ಅಂದವನ್ನೂ ಕಾಯುತ್ತದೆ.

== ಹಾಲುಹಲ್ಲುಗಳು ==

ಕಿತ್ತುಬಂದ ಹಾಲುಹಲ್ಲನ್ನು ಮರಳಿ ಕೂರಿಸಬಾರದು, ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆಗೆ ಘಾಸಿಯಾಗಬಹುದು. ಸಾಮಾನ್ಯವಾಗಿ ಆರರಿಂದ ಎಂಟು ವರ್ಷದ ನಡುವೆ ಬಾಚಿಹಲ್ಲುಗಳು ಬದಲಾಗುತ್ತವೆ. ಈ ವಯಸ್ಸಿನಲ್ಲಿ ಹಾಲುಹಲ್ಲೋ ಶಾಶ್ವತ ಹಲ್ಲೋ ಎಂಬ ಸಂದೇಹ ಬಂದರೆ ಅದನ್ನು ಹಾಲಿನಲ್ಲಿಟ್ಟು ವೈದ್ಯರಿಗೆ ತೋರಿಸುವುದು ಲೇಸು. ಪೆಟ್ಟಿನಿಂದ ಒಸಡಿನೊಳಗೆ ಹುದುಗಿದ ಹಾಲುಹಲ್ಲು ಬಹಳಷ್ಟು ಸಲ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಕೆಳಗಿಳಿಯುತ್ತದೆ.

== ಮುರಿದ ಮತ್ತು ಸಡಿಲಗೊಂಡ ಹಲ್ಲು ==

ಹಲ್ಲಿನ ಹೊರಕವಚ ಮಾತ್ರ ಚಕ್ಕೆ ಎದ್ದಿದ್ದರೆ ಅವಸರವಿಲ್ಲ. ಒಳಗಿನ ಹಳದಿ ಭಾಗ ಕಂಡರೆ ತಂಪು, ಬಿಸಿ ತಾಗಿದಾಗ ಜುಮ್ಮೆನ್ನುತ್ತದೆ. ನಡುವೆ ಕೆಂಪು ಚುಕ್ಕೆ ಕಂಡರೆ ಅಥವಾ ರಕ್ತ ಜಿನುಗಿದರೆ ತಿರುಳು ತೆರೆದಿದೆ ಎಂದರ್ಥ, ಅದೇ ದಿನ ಚಿಕಿತ್ಸೆ ಬೇಕು. ಮುರಿದ ಚೂರನ್ನು ನೀರಿನಲ್ಲೋ ಹಾಲಿನಲ್ಲೋ ಇಟ್ಟು ಒಯ್ದರೆ ಅನೇಕ ಸಲ ಅದನ್ನೇ ಮರಳಿ ಅಂಟಿಸಲು ಬರುತ್ತದೆ. ಚೂರು ಸಿಗದಿದ್ದರೆ ಅದು ತುಟಿಯೊಳಗೆ ಸಿಕ್ಕಿಕೊಂಡಿರಬಹುದು ಅಥವಾ ಶ್ವಾಸನಾಳಕ್ಕೆ ಹೋಗಿರಬಹುದು. ಇದನ್ನು ವೈದ್ಯರಿಗೆ ತಿಳಿಸಲೇಬೇಕು. ಸಡಿಲಗೊಂಡ ಶಾಶ್ವತ ಹಲ್ಲನ್ನು ಅಲುಗಾಡಿಸಿ ನೋಡುವ ಚಪಲವನ್ನು ಹತ್ತಿಕ್ಕಬೇಕು.

== ವೈದ್ಯರ ಬಳಿ ಮತ್ತು ಆನಂತರ ==

ದಂತವೈದ್ಯರು ಎಕ್ಸ್-ರೇ ತೆಗೆದು, ಮರಳಿ ಕೂರಿಸಿದ ಹಲ್ಲನ್ನು ತೆಳುವಾದ, ಬಾಗುವ ತಂತಿಯಿಂದ ಪಕ್ಕದ ಹಲ್ಲುಗಳಿಗೆ ಸಾಮಾನ್ಯವಾಗಿ ಎರಡು ವಾರ ಬಂಧಿಸುತ್ತಾರೆ. ಅಗತ್ಯವಿದ್ದರೆ ಧನುರ್ವಾಯು ಚುಚ್ಚುಮದ್ದು ಹಾಗೂ ಪ್ರತಿಜೀವಕ ಕೊಡುತ್ತಾರೆ. ಬೇರು ಪೂರ್ಣ ಬೆಳೆದ ಹಲ್ಲಿಗೆ ಎರಡು ವಾರಗಳೊಳಗೆ ಬೇರುನಾಳದ ಚಿಕಿತ್ಸೆ ಆರಂಭವಾಗಬೇಕು. ಚಿಕ್ಕ ಮಕ್ಕಳಲ್ಲಿ ಬೇರಿನ ತುದಿ ಇನ್ನೂ ತೆರೆದಿರುವುದರಿಂದ ತಿರುಳು ಮತ್ತೆ ಚೇತರಿಸಿಕೊಳ್ಳಬಹುದು. ಅಲ್ಲಿ ಕಾದು ನೋಡಲಾಗುತ್ತದೆ.

ಆ ಎರಡು ವಾರ ಗಂಜಿ, ನುಚ್ಚು, ಹಾಲಿನಲ್ಲಿ ನೆನೆಸಿದ ರೊಟ್ಟಿಯಂತಹ ಮೆತ್ತನೆಯ ಆಹಾರ ಸಾಕು. ಖಡಕ್ ರೊಟ್ಟಿಯನ್ನೂ ಕಬ್ಬನ್ನೂ ದೂರವಿಡಬೇಕು. ಮೃದುವಾದ ಬ್ರಷ್‌ನಿಂದ ಹಲ್ಲುಜ್ಜುವುದನ್ನು ಬಿಡಬಾರದು. ನೋವು ಹೋಯಿತೆಂದು ಮರುಭೇಟಿ ತಪ್ಪಿಸುವವರೇ ಹೆಚ್ಚು. ಆದರೆ ಬೇರು ಕರಗುವ ತೊಂದರೆ ನೋವಿಲ್ಲದೆ ಬೆಳೆಯುವಂಥದ್ದು. ಆದ್ದರಿಂದ ಎರಡು ಮತ್ತು ನಾಲ್ಕು ವಾರಗಳಿಗೆ, ಮೂರು ಮತ್ತು ಆರು ತಿಂಗಳಿಗೆ, ಒಂದು ವರ್ಷಕ್ಕೆ, ಆಮೇಲೆ ಕನಿಷ್ಠ ಐದು ವರ್ಷಗಳವರೆಗೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕಾಗುತ್ತದೆ.