ಟೆಕ್ ಮುದ್ರಣದಲ್ಲಿ ಮುಕ್ತ ಅಕ್ಷರಕುಟುಂಬಗಳು: ಒಂದು ಸಮೀಕ್ಷೆ

ಫಾಂಟ್ ಎಂಬುದು ಗಣಕಯಂತ್ರಕ್ಕೆ ಇಳಿಸಿಕೊಂಡ ಒಂದು ಕಡತವಷ್ಟೇ, ಅದನ್ನು ಸ್ಥಾಪಿಸಿದೊಡನೆ ಗ್ರಂಥವು ತಾನಾಗಿ ಅಂದವಾಗಿ ಅಚ್ಚಾಗುವುದು ಎಂಬ ಭಾವನೆ ಈಚೆಗೆ ಪುಸ್ತಕಪ್ರಕಾಶನದಲ್ಲಿ ತೊಡಗಿದವರಲ್ಲಿಯೂ ಬೇರೂರಿರುವುದರಿಂದ, ಟೆಕ್ ತಂತ್ರಾಂಶದಲ್ಲಿ ಮುಕ್ತ ಅಕ್ಷರಗಳು ನಡೆದುಬಂದ ದಾರಿಯನ್ನು ಒಮ್ಮೆ ಪರಿಶೀಲಿಸುವುದು ಅವಶ್ಯವೆಂದು ತೋರುತ್ತದೆ. ಸಾಮಾನ್ಯ, ದಪ್ಪ, ಓರೆ ಎಂಬ ರೂಪಗಳು ಒಂದೇ ಕಲ್ಪನೆಯಿಂದ ಹುಟ್ಟಿ ಒಂದಕ್ಕೊಂದು ಹೊಂದಿಕೊಂಡಿದ್ದರೆ ಮಾತ್ರ ಅವೆಲ್ಲ ಸೇರಿ ಒಂದು ಅಕ್ಷರಕುಟುಂಬ. ಈ ವಿವೇಚನೆಯ ಕೊರತೆ ನಮ್ಮ ಪುಟಗಳ ಮೇಲೆ ಸ್ಪಷ್ಟವಾಗಿ ಕಾಣುತ್ತಿದೆ.

ಆರಂಭದ ಕಥೆ ಸುಪರಿಚಿತವಾದುದು. 1977ರಲ್ಲಿ ತಮ್ಮ ಗ್ರಂಥದ ಕರಡಚ್ಚನ್ನು ಕಂಡು ಅಸಂತುಷ್ಟರಾದ ಡೊನಾಲ್ಡ್ ಕನೂತ್ ಅವರು ಪುಟಜೋಡಣೆಗೆ ಟೆಕ್ಕನ್ನೂ ಅಕ್ಷರರಚನೆಗೆ ಮೆಟಾಫಾಂಟನ್ನೂ ನಿರ್ಮಿಸಿದರು. 1992ರಲ್ಲಿ ಬಿಟ್‌ಸ್ಟ್ರೀಮ್ ಸಂಸ್ಥೆ ಚಾರ್ಟರ್ ಅಕ್ಷರವನ್ನೂ, 1996ರಲ್ಲಿ ಯುಆರ್‌ಡಬ್ಲ್ಯು ಸಂಸ್ಥೆ ಪೋಸ್ಟ್‌ಸ್ಕ್ರಿಪ್ಟಿನ 35 ಮೂಲಾಕ್ಷರಗಳಿಗೆ ಸಮಾನವಾದವುಗಳನ್ನೂ ಮುಕ್ತವಾಗಿ ನೀಡಿದುವು. ಔದಾರ್ಯವೇನೋ ದೊಡ್ಡದು, ಅವುಗಳನ್ನು ಟೆಕ್ಕಿನಲ್ಲಿ ಬಳಸುವ ವಿಧಾನ ಮಾತ್ರ ಕ್ಲೇಶಕರವಾಗಿದ್ದಿತು. ಅಕ್ಷರಗಳ ಅಗಲ ಎತ್ತರಗಳನ್ನು ಹೇಳುವ ಮಾಪನಕಡತ, 256 ಸ್ಥಾನಗಳ ಮಿತಿಯೊಳಗೆ ಅವುಗಳನ್ನು ಕೂಡಿಸುವ ಸಂಕೇತಪಟ್ಟಿ, ಕುಟುಂಬದ ರೂಪಗಳನ್ನು ಟೆಕ್ಕಿನ ಮೇಲೆ ಕಟ್ಟಿದ ಲೇಟೆಕ್ಕಿಗೆ ಪರಿಚಯಿಸುವ ವಿವರಣೆ, ಹೆಸರಿಗೆ ಆಕೃತಿಯನ್ನು ಗಂಟುಹಾಕುವ ಮ್ಯಾಪ್ ಕಡತ, ಇವೆಲ್ಲವನ್ನೂ ನಿಯತ ಸ್ಥಾನಗಳಲ್ಲಿರಿಸಿ ಕಡತಸೂಚಿಯನ್ನು ಹೊಸದಾಗಿಸಬೇಕು. ಒಂದು ತಪ್ಪಿದರೂ ಪುಟದ ಮೇಲೆ ಬೇರೆಯ ಅಕ್ಷರವೋ ಒರಟು ಚುಕ್ಕಿಗಳ ರೂಪವೋ ಮೂಡುತ್ತಿದ್ದಿತು. ಆ ಕಾಲದಲ್ಲಿಯೇ ಕನ್ನಡಕ್ಕೆ ಮೆಟಾಫಾಂಟಿನ ಅಕ್ಷರಗಳನ್ನು ರಚಿಸಿ, ರೋಮನ್ ಲಿಪಿಯಲ್ಲಿ ಬರೆದುದನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುವ ಏರ್ಪಾಡನ್ನು ಮಾಡಿದವರಿದ್ದರು; ಅವರಿಗೆ ಸಲ್ಲಬೇಕಾದ ಸ್ಮರಣೆ ಇನ್ನೂ ಸಂದಿಲ್ಲ.

ನಮ್ಮ ತಲೆಮಾರಿನ ಕಣ್ಣು ತೆರೆಸಿದುದು 2004ರಲ್ಲಿ ಜಾನಥನ್ ಕ್ಯೂ ಅವರು ಹೊರತಂದ ಝೀಟೆಕ್. ಯೂನಿಕೋಡನ್ನು ನೇರವಾಗಿ ಓದಿ, ಗಣಕದಲ್ಲಿ ಸ್ಥಾಪಿತವಾದ ಓಪನ್‌ಟೈಪ್ ಫಾಂಟನ್ನು ಅದರ ಹೆಸರಿನಿಂದಲೇ ಕರೆಯಬಲ್ಲ ಈ ತಂತ್ರಾಂಶಕ್ಕೆ ವಿಲ್ ರಾಬರ್ಟ್‌ಸನ್ ಅವರ ಫಾಂಟ್‌ಸ್ಪೆಕ್ ಎಂಬ ಕಟ್ಟು ಜೊತೆಯಾದ ಮೇಲೆ, ಹಿಂದೆ ಹಲವು ಕಡತಗಳನ್ನು ಬೇಡುತ್ತಿದ್ದ ಕಾರ್ಯ ಒಂದೇ ಪಂಕ್ತಿಯ ಆಜ್ಞೆಯಲ್ಲಿ ಮುಗಿಯತೊಡಗಿತು. ಎಸ್‌ಐಎಲ್ ಸಂಸ್ಥೆ 2005ರಲ್ಲಿ ಪ್ರಕಟಿಸಿದ ಮುಕ್ತ ಫಾಂಟ್ ಪರವಾನಗಿಯೂ ಇದರಷ್ಟೇ ಮುಖ್ಯವಾದುದು. ಬೆಲೆಯಿಲ್ಲದೆ ದೊರೆಯುವುದಕ್ಕಿಂತ, ಕೊರತೆಯುಳ್ಳ ಅಕ್ಷರವನ್ನು ಓದುಗನೇ ತಿದ್ದಿ ಹಂಚಬಹುದೆಂಬ ಅಧಿಕಾರವೇ ಸಣ್ಣ ಭಾಷಾಸಮುದಾಯಗಳ ಪಾಲಿಗೆ ನಿಜವಾದ ಲಾಭ.

ಕನ್ನಡದಲ್ಲಾದರೋ ಆ ಒಂದು ಪಂಕ್ತಿಯಿಂದಲೇ ಕೆಲಸ ಮುಗಿಯದು. ಲಿಪಿ ಕನ್ನಡವೆಂದು ಆಜ್ಞೆಯಲ್ಲಿ ಸ್ಪಷ್ಟವಾಗಿ ನಮೂದಿಸದಿದ್ದರೆ ಒತ್ತಕ್ಷರಗಳು ಕೆಳಗಿಳಿಯದೆ, ಅರ್ಕಾವೊತ್ತು ತನ್ನ ಸ್ಥಾನಕ್ಕೆ ಸರಿಯದೆ, ಪದವು ಬಿಡಿ ತುಂಡುಗಳಾಗಿ ನಿಲ್ಲುವುದುಂಟು. 2013ರಲ್ಲಿ ಝೀಟೆಕ್ ಈ ಜೋಡಣೆಯನ್ನು ನಡೆಸುವ ಹಾರ್ಫ್‌ಬಝ್ ಎಂಬ ಅಕ್ಷರಸಂಯೋಜಕವನ್ನು ಅಂಗೀಕರಿಸಿತು. 2020ರ ಟೆಕ್ ಲೈವ್ ವಿತರಣೆಯಲ್ಲಿ ಯೂನಿಕೋಡನ್ನು ಓದಬಲ್ಲ ಇನ್ನೊಂದು ಟೆಕ್ ರೂಪವಾದ ಲುವಾಟೆಕ್ಕಿಗೂ ಅದು ಒದಗಿತು. ಇಂಗ್ಲಿಷಿನೊಡನೆ ಕನ್ನಡವನ್ನು ಕೂಡಿಸುವಾಗ ಗಾತ್ರ ಹೊಂದಿಸಲು ಸಣ್ಣಕ್ಷರದ ಎತ್ತರವನ್ನು ಆಧರಿಸುವ ಸೌಲಭ್ಯವೊಂದಿದೆ. ದೊಡ್ಡಕ್ಷರ ಸಣ್ಣಕ್ಷರಗಳ ಭೇದವೇ ಇಲ್ಲದ ನಮ್ಮ ಲಿಪಿಗೆ ಅದು ನಿಷ್ಪ್ರಯೋಜಕ, ಕಣ್ಣಳತೆಯಿಂದಲೇ ಪ್ರಮಾಣವನ್ನು ನಿರ್ಧರಿಸಬೇಕು. ಎರಡು ಒತ್ತುಗಳು ಇಳಿದುಬರುವ ನಮ್ಮ ಪಂಕ್ತಿಗಳ ನಡುವೆ ಲ್ಯಾಟಿನ್ ಬರಹಕ್ಕೆ ಸಾಕಾಗುವ ಅಂತರ ಸಾಲದೆಂಬುದನ್ನು ಹಳೆಯ ಮೊಳೆ ಜೋಡಿಸುವವರು ಚೆನ್ನಾಗಿ ಬಲ್ಲವರಾಗಿದ್ದರು.

ಇನ್ನು ಕುಟುಂಬಗಳ ವಿಚಾರ. ರೆಡ್‌ಹ್ಯಾಟ್ ಸಂಸ್ಥೆಯಿಂದ ಬಂದ ಲೋಹಿತ್, ಅನಂತರ ಅರವಿಂದ ವಿ. ಕೆ. ಅವರು ಕೊಟ್ಟ ಗುಬ್ಬಿ, ನವಿಲು, ಇವು ಮುಕ್ತ ತಂತ್ರಾಂಶದಲ್ಲಿ ಕನ್ನಡ ನೆಲೆಯೂರಲು ಕಾರಣವಾದುವು. ಆದರೆ ಒಂಟಿ ರೂಪದವುಗಳಾದ್ದರಿಂದ, ದಪ್ಪಕ್ಷರ ಬೇಕೆಂದಾಗ ಫಾಂಟ್‌ಸ್ಪೆಕ್ ಎಚ್ಚರಿಕೆಯನ್ನು ಬರೆದಿಟ್ಟು ಸಾಮಾನ್ಯ ರೂಪವನ್ನೇ ಅಚ್ಚುಹಾಕುತ್ತದೆ. ಕೃತಕವಾಗಿ ದಪ್ಪಗೊಳಿಸುವ ಉಪಾಯವಿದ್ದರೂ ಕನ್ನಡದ ಗುಂಡನೆಯ ಒಡಲುಗಳು ಅದರಿಂದ ಮುಚ್ಚಿಹೋಗುವುದರಿಂದ ಗ್ರಂಥಕ್ಕೆ ಅದು ಯೋಗ್ಯವಲ್ಲ. ನೋಟೊ ಸೆರಿಫ್ ಕನ್ನಡ ಎಂಬ ಮುಕ್ತ ಕುಟುಂಬದಲ್ಲಿ ತೆಳುವಿನಿಂದ ಅತಿದಪ್ಪದವರೆಗೆ ತೂಕಗಳಿವೆ, ಓರೆಯಿಲ್ಲ. ಮೂರ್ತಿ ಕ್ಲಾಸಿಕಲ್ ಲೈಬ್ರರಿ ಗ್ರಂಥಮಾಲೆಗಾಗಿ ರೂಪಿತವಾಗಿ ಬಳಿಕ ಮುಕ್ತವಾದ ಟೈರೊ ಕನ್ನಡದಲ್ಲಿ ಓರೆಯಿದೆ, ದಪ್ಪವಿಲ್ಲ. ಎರಡರಲ್ಲಿ ಟೈರೊ ಹೆಚ್ಚು ಸುಸಂಸ್ಕೃತವಾದುದೆಂಬುದು ನನ್ನ ಅಭಿಪ್ರಾಯ. ಓರೆಯಕ್ಷರ ಕನ್ನಡದ ಸಂಪ್ರದಾಯದಲ್ಲಿಲ್ಲವಾದ್ದರಿಂದ ನೋಟೊದ ಕೊರತೆ ಅಷ್ಟು ಬಾಧಿಸದು, ದಪ್ಪವಿಲ್ಲದಿರುವುದು ಬಾಧಿಸುತ್ತದೆ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲರ ನಿಘಂಟನ್ನು ಬಿಡಿಸಿ ನೋಡಿದವರಿಗೆ ನಿಘಂಟು ಅಕ್ಷರರೂಪಗಳಿಂದ ಏನನ್ನು ಬೇಡುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಉಲ್ಲೇಖಪದಕ್ಕೆ ದಪ್ಪ, ಅರ್ಥಕ್ಕೆ ಸಾಮಾನ್ಯ, ಅಡಿಟಿಪ್ಪಣಿಗೆ ಸಣ್ಣಗಾತ್ರದಲ್ಲಿಯೂ ಒಡೆಯದ ರೂಪ, ಹಳಗನ್ನಡಕ್ಕೆ ಱ ಮತ್ತು ೞ, ಇವೆಲ್ಲವೂ ಒಂದೇ ಕೈಯಿಂದ ಬರೆಯಲ್ಪಟ್ಟ ಮುಕ್ತ ಕುಟುಂಬವನ್ನು ನಾಡಿನ ವಿಶ್ವವಿದ್ಯಾನಿಲಯಗಳಾಗಲಿ ಅಕಾಡೆಮಿಗಳಾಗಲಿ ರಚಿಸಿಕೊಟ್ಟುದನ್ನು ನಾನು ಕಂಡಿಲ್ಲ. ಯೂನಿಕೋಡಿನಲ್ಲಿ ೞಕಾರಕ್ಕೆ 'ಫ' ಎಂಬ ತಪ್ಪು ಹೆಸರು ಬಿದ್ದುದೂ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಇಂದಿಗೂ ಹಾಗೆಯೇ ಉಳಿದುದೂ, ಬಲ್ಲವರು ಸಕಾಲದಲ್ಲಿ ಮಾತನಾಡದಿದ್ದುದರ ಫಲ.

ಅಂಥ ಕುಟುಂಬ ಬರುವವರೆಗೆ, ಪದ್ಯಸಂಕಲನಕ್ಕೂ ಕಾವ್ಯಸಂಪಾದನೆಗೂ ಟೈರೊವನ್ನು, ಶೀರ್ಷಿಕೆ ಉಪಶೀರ್ಷಿಕೆಗಳು ತುಂಬಿದ ಶಾಸ್ತ್ರಗ್ರಂಥಕ್ಕೆ ನೋಟೊವನ್ನು ಆರಿಸುವುದು ಲೇಸು. ನೋಟೊವನ್ನು ಇಳಿಸಿಕೊಳ್ಳುವಾಗ ಎಲ್ಲ ತೂಕಗಳನ್ನೂ ಒಂದರಲ್ಲಿ ಅಡಗಿಸಿದ ಕಡತವನ್ನು ಬಿಟ್ಟು, ತೂಕಕ್ಕೊಂದರಂತೆ ಬಿಡಿಯಾಗಿರುವ ಕಡತಗಳನ್ನೇ ತೆಗೆದುಕೊಂಡು, ಸಾಮಾನ್ಯಕ್ಕೂ ದಪ್ಪಕ್ಕೂ ಬೇರೆಬೇರೆಯಾಗಿ ಆಜ್ಞೆಯಲ್ಲಿ ಹೆಸರಿಸಬೇಕು.