ಬಸವನಗುಡಿ: ದೂರ ಇಟ್ಟ ಮನೆ, ಹತ್ತಿರ ತಂದ ಹೋಟೆಲ್ಲು

ಬೆಂಗಳೂರಿನ ಬಸವನಗುಡಿಯನ್ನು ಹೊಗಳುವವರು ಸಾಮಾನ್ಯವಾಗಿ ಎರಡು ಸಂಗತಿ ಎತ್ತುತ್ತಾರೆ. ಒಂದು, ಅಲ್ಲಿನ ಹಳೆಯ ಮನೆಗಳು: ಮುಂದೆ ಕೈತೋಟ, ಕಂಬದ ವರಾಂಡ, ಕಿಟಕಿ ಬಾಗಿಲುಗಳ ಮೇಲೆ ಮರದ ಪಟ್ಟಿಗಳ ಚೂಪು ಮುಸುಕಿನಂಥ ಮಂಕಿ ಟಾಪ್, ಒಳಗೆ ಕಾಲಿಟ್ಟರೆ ತಣ್ಣಗಿರುವ ರೆಡ್ ಆಕ್ಸೈಡ್ ನೆಲ. ಇನ್ನೊಂದು, ಅಲ್ಲಿನ ತಿಂಡಿ: ಗಾಂಧಿ ಬಜಾರಿನ ಮಸಾಲೆ ದೋಸೆ, ಶಂಕರಪುರದ ಇಡ್ಲಿ ಚಟ್ನಿ, ಮಾವಳ್ಳಿಯ ರವೆ ಇಡ್ಲಿ. ಎರಡಕ್ಕೂ ಅವರು ಕೊಡುವ ಕಾರಣ ಒಂದೇ, ಅಲ್ಲಿ ನೆಲೆಸಿದವರ ಸಂಸ್ಕಾರ ಮತ್ತು ಅಭಿರುಚಿ. ಈ ವಿವರಣೆ ಕೇಳಲು ಹಿತವಾಗಿದೆ, ಆದರೆ ಚರಿತ್ರೆಗೆ ಹೊಂದುವುದಿಲ್ಲ. ಮನೆಯೂ ಹೋಟೆಲ್ಲೂ ಒಂದೇ ಮನೋಧರ್ಮದ ಮಕ್ಕಳಲ್ಲ. ಬಡಾವಣೆಯ ನಕ್ಷೆ ಜನರನ್ನು ಪರಸ್ಪರ ದೂರ ಇಡುವುದಕ್ಕೆ ಬಂದದ್ದು. ಹೋಟೆಲ್ಲು ಆ ದೂರವನ್ನು ಮೆಲ್ಲಮೆಲ್ಲಗೆ ಕರಗಿಸಿದ್ದು. ಬಸವನಗುಡಿ ಬರೀ ಚೆಂದದ ಮನೆಗಳ ಸಾಲಾಗಿ ಉಳಿಯದೆ ಊರಿನ ಎಲ್ಲರ ನೆನಪಿನ ಜಾಗವಾಗಿದ್ದರೆ, ಅದರ ಶ್ರೇಯಸ್ಸಿನ ದೊಡ್ಡ ಪಾಲು ಎರಡನೆಯದಕ್ಕೇ ಸಲ್ಲಬೇಕು.

ಮೊದಲು ನಕ್ಷೆಯ ಹುಟ್ಟನ್ನು ನೋಡೋಣ. 1898ರ ಆಗಸ್ಟಿನಲ್ಲಿ ಪ್ಲೇಗು ರೈಲು ದಾರಿ ಹಿಡಿದು ಬೆಂಗಳೂರಿಗೆ ಬಂತು. ಆಗಿನ ಊರೆಂದರೆ ಒಂದೆಡೆ ಬ್ರಿಟಿಷರ ದಂಡು, ಇನ್ನೊಂದೆಡೆ ಮೈಸೂರು ಸಂಸ್ಥಾನದ ಪೇಟೆ. ಪೇಟೆಯ ಓಣಿಗಳಲ್ಲಿ ಅಂಗಡಿ, ಮಗ್ಗ, ಮನೆ, ದನದ ಕೊಟ್ಟಿಗೆ ಎಲ್ಲವೂ ಗೋಡೆಗೆ ಗೋಡೆ ತಾಗಿಕೊಂಡಿದ್ದವು. ಸಾವು ಹರಡಿದಂತೆ ಜನ ಮನೆ ಬಿಟ್ಟು ಬಯಲಿನ ಗುಡಿಸಲುಗಳಿಗೆ ಹೋದರು. ಶೇಷಾದ್ರಿ ಅಯ್ಯರ್ ಆಗ ದಿವಾನರು, ವಿ.ಪಿ. ಮಾಧವರಾವ್ ಪ್ಲೇಗ್ ಕಮಿಷನರ್. ಚಾಮರಾಜಪೇಟೆ ಬಡಾವಣೆ 1892ರಲ್ಲೇ ಏರ್ಪಟ್ಟಿತ್ತು. ಪ್ಲೇಗಿನ ಒತ್ತಡದಲ್ಲಿ ಉತ್ತರಕ್ಕೆ ಮಲ್ಲೇಶ್ವರವೂ ದಕ್ಷಿಣಕ್ಕೆ ಬಸವನಗುಡಿಯೂ ಬೇಗ ರೂಪುಗೊಂಡವು. ಬಸವನಗುಡಿಗೆ ಸಿಕ್ಕಿದ್ದು ಸುಂಕೇನಹಳ್ಳಿಯ ಸುತ್ತಲಿನ ಹೊಲಗಳು. ಕಾರ್ತೀಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಇಂದಿಗೂ ನಡೆಯುವ ಕಡಲೆಕಾಯಿ ಪರಿಷೆಯೇ ಆ ಬೇಸಾಯದ ಗುರುತು. ಪ್ಲೇಗಿನಲ್ಲಿ ಇಲಿಯ ಚಿಗಟದ ಪಾತ್ರವೇನು ಎಂಬುದು ಆ ಹೊತ್ತಿಗೆ ಒಪ್ಪಿತ ತಿಳಿವಳಿಕೆಯಾಗಿರಲಿಲ್ಲ. ಕೆಟ್ಟ ಗಾಳಿ, ಕೊಳಕು, ಜನಸಂದಣಿಗಳೇ ರೋಗದ ಮೂಲವೆಂಬ ನಂಬಿಕೆ ಬಲವಾಗಿತ್ತು. ಆದ್ದರಿಂದಲೇ ನೇರ ರಸ್ತೆ, ಬಿಡಿ ಬಿಡಿ ನಿವೇಶನ, ಮನೆಯ ಸುತ್ತ ಖಾಲಿ ಜಾಗ, ಗಾಳಿ ಬೆಳಕು. ಇಂದು ನಾವು ಸೌಂದರ್ಯವೆಂದು ಮೆಚ್ಚುವ ಈ ಲಕ್ಷಣಗಳೆಲ್ಲ ಅಂದು ರೋಗದ ವಿರುದ್ಧ ತೆಗೆದುಕೊಂಡ ಮುಂಜಾಗ್ರತೆ.

ಆದರೆ ಆ ನಕ್ಷೆ ರೋಗವನ್ನಷ್ಟೇ ದೂರ ಇಡಲಿಲ್ಲ. ಹೊಸ ಬಡಾವಣೆಗಳಲ್ಲಿ ಜಾತಿ ಮತಗಳನ್ನು ನೋಡಿ ಭಾಗಗಳನ್ನು ಗುರುತಿಸಲಾಗಿತ್ತು. ಪೇಟೆಯಲ್ಲಿ ಕಸುಬಿನ ಹೆಸರಿನಲ್ಲಿದ್ದ ವಿಂಗಡಣೆ ಇಲ್ಲಿ ಸರ್ಕಾರಿ ಕಾಗದದ ಮೇಲೆ ಗೆರೆಯಾಗಿ ಮೂಡಿತು. ಮನೆಯ ಒಳಗೂ ಅದೇ ಕ್ರಮ. ವರಾಂಡಕ್ಕೆ ಯಾರಾದರೂ ಬರಬಹುದು, ನಡುಮನೆಗೆ ನೆಂಟರು ಮತ್ತು ಆಪ್ತರು, ಅಡುಗೆಮನೆ ದೇವರಮನೆಗಳಿಗೆ ಮಡಿಯಲ್ಲಿರುವವರು ಮಾತ್ರ. ಹಿತ್ತಲಲ್ಲಿ ಬಾವಿ, ಬಚ್ಚಲು, ಅದರಾಚೆ ಹಿಂಗೋಡೆಗೆ ಒತ್ತಿಕೊಂಡು ಕಕ್ಕಸು. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಕನ್ಸರ್ವೆನ್ಸಿ ಗಲ್ಲಿ. ಮಲ ಹೊರುವವರು ಆ ಗಲ್ಲಿಯಿಂದ ಬಂದು, ಕೆಲಸ ಮುಗಿಸಿ, ಮನೆಯವರ ಕಣ್ಣಿಗೆ ಬೀಳದೆ ಹೋಗಬೇಕಿತ್ತು. ಮುಂಬದಿಯ ಮಂಕಿ ಟಾಪ್ ಎಷ್ಟು ನಿಜವೋ ಹಿಂಬದಿಯ ಈ ಗಲ್ಲಿಯೂ ಅಷ್ಟೇ ನಿಜ. ಒಂದಿಲ್ಲದೆ ಇನ್ನೊಂದರ ಅಚ್ಚುಕಟ್ಟು ಸಾಧ್ಯವಿರಲಿಲ್ಲ. ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸುವ ಕ್ರಮ ಬಂದದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರಿಂದ. ಬಸವನಗುಡಿಯ ವಾಸ್ತುವನ್ನು ಬರೆಯುವವರು ಮುಂಬಾಗಿಲಲ್ಲೇ ನಿಂತುಬಿಟ್ಟರೆ ಚರಿತ್ರೆಯ ಅರ್ಧವನ್ನಷ್ಟೇ ಬರೆದಂತೆ.

ಇಂಥ ಮನೆಗಳ ನಡುವೆ ಹೋಟೆಲ್ಲು ಬಂದದ್ದು ಸಣ್ಣ ಘಟನೆಯಲ್ಲ. ಹೊರಗೆ ತಿನ್ನುವುದೇ ಮೈಲಿಗೆಯೆಂದು ನಂಬಿದ್ದ ಸಮಾಜದಲ್ಲಿ, ಕರಾವಳಿಯ ಉಡುಪಿ ಸೀಮೆಯಿಂದ ಬಂದ ಅಡುಗೆಯವರು ದುಡ್ಡು ಕೊಟ್ಟವರಿಗೆ ತಿಂಡಿ ಬಡಿಸತೊಡಗಿದರು. ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ ಬ್ರಾಹ್ಮಣ ಕಾಫಿ ಕ್ಲಬ್ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು. 1943ರಲ್ಲಿ ಗಾಂಧಿ ಬಜಾರಿನಲ್ಲಿ ಉರಾಳರು ತೆರೆದ ವಿದ್ಯಾರ್ಥಿ ಭವನ 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. 1965ರಲ್ಲಿ ಶಂಕರಪುರದಲ್ಲಿ ಬ್ರಾಹ್ಮಿನ್ಸ್ ಕಾಫಿ ಬಾರ್ ಬಂತು. ಇವುಗಳ ಕಟ್ಟಡಗಳಲ್ಲಿ ಮೆಚ್ಚಿ ನೋಡುವಂಥ ಕೆತ್ತನೆಯಿಲ್ಲ. ಆದರೆ ಜಾಗವನ್ನು ಬಳಸುವ ರೀತಿಯಲ್ಲಿ ಅವು ಮನೆಯ ಕ್ರಮವನ್ನೇ ತಲೆಕೆಳಗು ಮಾಡಿದವು. ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲ್ಲುಗಳ ಶುಚಿತ್ವ ನೋಡಿ ಬಂದ ಮೇಲೆ ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧಿಮಾಡುವ ಏರ್ಪಾಡು ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿ ಹೋಗುವ ಪದ್ಧತಿ ಎಂಟಿಆರ್‌ನ ಹೆಗ್ಗುರುತಾಯಿತು. ಮನೆಯಲ್ಲಿ ಅಡುಗೆಮನೆ ಎಲ್ಲಕ್ಕಿಂತ ಒಳಗಿನ, ಎಲ್ಲಕ್ಕಿಂತ ನಿಷಿದ್ಧ ಕೋಣೆ. ಇಲ್ಲಿ ಅದೇ ಕೋಣೆ ಅಪರಿಚಿತನ ಎದುರು ತೆರೆದುಕೊಂಡಿತು. ಮಡಿ ಎಂಬುದು ಅಡುಗೆ ಮಾಡಿದವರು ಯಾರು ಎಂದು ಕೇಳುವ ನಿಯಮ. ಶುಚಿ ಎಂಬುದು ಅಡುಗೆ ಹೇಗೆ ನಡೆಯಿತು ಎಂದು ಕೇಳುವ ನಿಯಮ. ಮೊದಲನೆಯ ಪ್ರಶ್ನೆಯನ್ನು ಹಿಂದೆ ಸರಿಸಿ ಎರಡನೆಯದನ್ನು ಮುಂದೆ ತಂದದ್ದೇ ಈ ಹೋಟೆಲ್ಲುಗಳ ನಿಜವಾದ ಸಾಧನೆ. ವಿದ್ಯಾರ್ಥಿ ಭವನದಲ್ಲಿ ಕಾಯುವವರ ಸಾಲು ಬೆಳೆದಾಗ, ಖಾಲಿಯಾದ ಕುರ್ಚಿಯಲ್ಲಿ ಯಾರ ಎದುರಾದರೂ ಕೂರಲೇಬೇಕು. ಪಂಕ್ತಿಯಲ್ಲಿ ಪಕ್ಕದವನು ಯಾರೆಂದು ನೋಡುತ್ತಿದ್ದ ಊರಿನಲ್ಲಿ ಇದು ದಿನದಿನದ ಪಾಠವಾಯಿತು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಹೋಟೆಲ್ಲುಗಳೇನು ಜಾತಿ ಮೀರಿದ್ದವೇ? ಹೆಸರಿನಲ್ಲೇ ಜಾತಿ ಹೊತ್ತವು ಎರಡು ಮೇಲೆಯೇ ಬಂದಿವೆ. ಅಡುಗೆಯವರೂ ಒಂದೇ ಸಮುದಾಯದವರು. ಸ್ವಾತಂತ್ರ್ಯಕ್ಕೆ ಮುಂಚೆ ದಕ್ಷಿಣದ ಎಷ್ಟೋ ಹೋಟೆಲ್ಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಜಾಗವಿತ್ತು, ದಲಿತರಿಗೆ ಪ್ರವೇಶವೇ ಇರಲಿಲ್ಲ. ಬಾಗಿಲು ತೆರೆದದ್ದು ಹೋಟೆಲ್ಲಿನವರ ಔದಾರ್ಯವಲ್ಲ, ಕಾನೂನು. ಸಂವಿಧಾನದ 15ನೆಯ ವಿಧಿ ಅಂಗಡಿ ಹೋಟೆಲ್ಲುಗಳ ಪ್ರವೇಶವನ್ನು ಹೆಸರಿಸಿಯೇ ಭೇದವನ್ನು ನಿಷೇಧಿಸಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನು ಅಳಿಸಿತು. 1955ರ ಕಾಯಿದೆ ಅದನ್ನು ದಂಡನೀಯ ಅಪರಾಧವಾಗಿಸಿತು. ಈ ಆಕ್ಷೇಪದ ಒಂದೊಂದು ಮಾತೂ ನಿಜ, ಅದನ್ನು ಮರೆಮಾಚಿ ಬರೆಯುವುದು ಅನ್ಯಾಯ. ಆದರೂ ಅದು ನನ್ನ ವಾದವನ್ನು ಬೀಳಿಸುವುದಿಲ್ಲ. ಸಂವಿಧಾನ ರಚಿಸಿದವರು ಬಾವಿ, ರಸ್ತೆಗಳ ಜೊತೆಗೆ ಹೋಟೆಲ್ಲನ್ನು ಹೆಸರಿಸಿದ್ದೇ ಅದು ಸಾರ್ವಜನಿಕ ಜಾಗವೆಂದು ಗುರುತಿಸಿದ್ದರಿಂದ. ಖಾಸಗಿ ಮನೆಯ ನಡುಮನೆಯನ್ನು ಯಾವ ಕಾನೂನೂ ತೆರೆಸಲಾರದು. ದುಡ್ಡಿಗೆ ಬಡಿಸುವ ಮೇಜನ್ನು ತೆರೆಸಬಹುದು. ಕಾನೂನು ಬಾಗಿಲು ತೆಗೆಸಿದ ಮೇಲೆ ಒಳಗಿದ್ದ ವ್ಯವಸ್ಥೆ, ಅಂದರೆ ಹಂಚಿಕೊಂಡ ಮೇಜು, ಎಲ್ಲರಿಗೂ ಒಂದೇ ಬೆಲೆ, ಕಣ್ಣಿಗೆ ಕಾಣುವ ಅಡುಗೆಮನೆ, ಆ ಸಮಾನತೆಯನ್ನು ಅಭ್ಯಾಸವಾಗಿಸಿತು. ಔದಾರ್ಯದಿಂದ ಬಾರದ ಸಮಾನತೆ ಕೀಳೂ ಅಲ್ಲ. ಯಾರ ಮರ್ಜಿಗೂ ಕಾಯದೆ ಹಕ್ಕಾಗಿ ಬಂದದ್ದರಿಂದ ಅದು ಇನ್ನೂ ಗಟ್ಟಿ.

ಇನ್ನೊಂದು ಆಕ್ಷೇಪ ಮನೆಗಳ ಪರವಾಗಿ ಬರುತ್ತದೆ. ಬಸವನಗುಡಿಯ ಮನೆಗಳಿಂದ ಬಂದದ್ದು ಬರೀ ಪ್ರತ್ಯೇಕತೆಯೇ? ಸಾಹಿತಿಗಳಲ್ಲಿ ಡಿ.ವಿ.ಜಿ. ಇದ್ದದ್ದು ಇಲ್ಲೇ, ಮಾಸ್ತಿಯವರ ಮನೆ ಪಕ್ಕದ ಗವಿಪುರದಲ್ಲಿ. 1945ರಲ್ಲಿ ಡಿ.ವಿ.ಜಿ.ಯವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಬಿ.ಪಿ. ವಾಡಿಯಾ ಅವರ ವಿಶ್ವಸಂಸ್ಕೃತಿ ಸಂಸ್ಥೆಯೂ ಹುಟ್ಟಿದ್ದು ಈ ನೆಲದಲ್ಲೇ. ಈ ಪರಂಪರೆಯ ಬಗ್ಗೆ ನನಗೆ ಆಳವಾದ ಗೌರವವಿದೆ, ಆ ಮನೆಗಳ ಅಂದವೂ ಸುಳ್ಳಲ್ಲ. ಆದರೆ ಈ ಹೆಸರುಗಳೇ ಹೇಳುವುದನ್ನು ಗಮನಿಸಬೇಕು. ಡಿ.ವಿ.ಜಿ. ಕಟ್ಟಿದ್ದು ತಮ್ಮ ಮನೆಯ ಪಡಸಾಲೆಗೆ ಸೀಮಿತವಾದ ಗೋಷ್ಠಿಯನ್ನಲ್ಲ, ಯಾರು ಬೇಕಾದರೂ ಬಂದು ಕೂರಬಹುದಾದ ಸಾರ್ವಜನಿಕ ಸಂಸ್ಥೆಯನ್ನು. ಬಸವನಗುಡಿಯ ಬೌದ್ಧಿಕ ಜೀವನ ಬೆಳೆದದ್ದೂ ಕಾಂಪೌಂಡಿನ ಒಳಗಲ್ಲ, ಭಾಷಣದ ಸಭಾಂಗಣದಲ್ಲಿ, ವಾಚನಾಲಯದಲ್ಲಿ, ಕಾಫಿಯ ಮೇಜಿನ ಸುತ್ತ.

ಈ ಚರಿತ್ರೆಯಿಂದ ಇಂದಿನ ಉಳಿವಿನ ಪ್ರಶ್ನೆಗೂ ಒಂದು ಉತ್ತರ ಸಿಗುತ್ತದೆ. ಹಳೆಯ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳಾಗುತ್ತಿರುವಾಗ, ಪರಂಪರೆ ಉಳಿಸುವ ಮಾತೆಲ್ಲ ಮುಂಭಾಗದ ಅಲಂಕಾರದ ಸುತ್ತಲೇ ಸುತ್ತುತ್ತದೆ. ಮಂಕಿ ಟಾಪ್ ಉಳಿಯಲಿ, ಅದು ನಮ್ಮ ಬಡಗಿಗಳ ಕೈಚಳಕ. ಆದರೆ ಕನ್ಸರ್ವೆನ್ಸಿ ಗಲ್ಲಿಗಳನ್ನೂ ಒತ್ತುವರಿಯಿಂದ ಬಿಡಿಸಿ ಓಡಾಡುವ ದಾರಿಯಾಗಿಸಬೇಕು, ಅಲ್ಲಿ ದುಡಿದವರ ಶ್ರಮವನ್ನು ಹೇಳುವ ಫಲಕ ಅಲ್ಲೇ ನಿಲ್ಲಬೇಕು. ಯಾರು ಬೇಕಾದರೂ ಬಂದು, ಕೈಗೆಟುಕುವ ಬೆಲೆಗೆ, ಅಪರಿಚಿತರ ಎದುರು ಕೂತು ತಿನ್ನಬಹುದಾದ ಜಾಗಗಳನ್ನೂ ಪರಂಪರೆಯ ಪಟ್ಟಿಗೆ ಸೇರಿಸಬೇಕು, ಕಟ್ಟಡ ಎಷ್ಟೇ ಸಾದಾ ಇದ್ದರೂ. ಚೆಂದದ ಮನೆಗಳನ್ನು ಹಣವಿದ್ದವರು ಯಾವ ಊರಿನಲ್ಲಾದರೂ ಕಟ್ಟಿಯಾರು. ದೂರ ದೂರ ಇದ್ದ ಜನ ಒಂದೇ ಮೇಜಿಗೆ ಬರುವ ಅಭ್ಯಾಸಕ್ಕೆ ತಲೆಮಾರುಗಳೇ ಬೇಕಾದವು. ಉಳಿಸುವಾಗ ಅದಕ್ಕೇ ಮೊದಲ ಸ್ಥಾನ ಸಿಗಬೇಕು.